ಟಿಲ್ಲರ್ ಟ್ರೇಲರ್‌ಗೆ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್: ಹಲವು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಗ್ರೀಸ್ ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ. ಆದರೆ ಆಯಿಲ್ ಸೀಲ್ (ಗ್ರೀಸ್ ಹೊರಹೋಗದಂತೆ, ನೀರು ಒಳಬರದಂತೆ ತಡೆಯುವ ರಬ್ಬರ್ ಬಳೆ) ಸರಿಯಿಲ್ಲದ ಹಬ್‌ಗೆ, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗಕ್ಕೆ, ತುಂಬಿದರೆ ಕೊಟ್ಟ ದುಡ್ಡೆಲ್ಲ ಹಳ್ಳದ ಪಾಲು. ನನ್ನ ಅಂಕ 5ಕ್ಕೆ 4.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಗೊಬ್ಬರ, ಮಣ್ಣು, ಸೊಪ್ಪು, ಗೊನೆ ಎಲ್ಲವನ್ನೂ ಪವರ್ ಟಿಲ್ಲರ್‌ನ ಸಣ್ಣ ಟ್ರೇಲರ್‌ನಲ್ಲೇ ಸಾಗಿಸುತ್ತೇವೆ. ದಾರಿಯಲ್ಲಿ ಹಳ್ಳ ದಾಟಬೇಕು. ಮಳೆಗಾಲದಲ್ಲಿ ಹಬ್ ಮುಳುಗುವಷ್ಟು ನೀರಿರುತ್ತದೆ. ಬೇರಿಂಗ್ ಕೆಡುವುದು ಅಲ್ಲೇ. ಲೋಡ್ ಎಳೆದು ಬಂದ ಹಬ್ ಬಿಸಿಯಾಗಿರುತ್ತದೆ, ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಸೀಲ್ ಸಂದಿಯಲ್ಲಿ ನೀರು ಒಳಗೆ ಸೆಳೆದುಕೊಳ್ಳುತ್ತದೆ. ಅಮೆರಿಕದಲ್ಲಿ ದೋಣಿ ಸಾಗಿಸುವ ಟ್ರೇಲರ್‌ಗಳಿಗೂ ಇದೇ ಕಾಟ. ಅದಕ್ಕೇ ಅಲ್ಲಿ 'ಬೇರಿಂಗ್ ಬಡ್ಡಿ' (Bearing Buddy) ಎಂಬಂಥ ಸ್ಪ್ರಿಂಗ್ ಕ್ಯಾಪ್ ಹಾಕಿ, ಒಳಗಿನ ಗ್ರೀಸನ್ನು ಸದಾ ಸ್ವಲ್ಪ ಒತ್ತಡದಲ್ಲಿ ಇಡುತ್ತಾರೆ.

ನಾವು ಮೊದಲು ಹಾಕುತ್ತಿದ್ದುದು ಮಾಮೂಲಿ ಕ್ಯಾಲ್ಸಿಯಂ ಗ್ರೀಸ್. ಅದು ನೀರನ್ನು ಚೆನ್ನಾಗಿಯೇ ತಡೆಯುತ್ತದೆ, ಬಿಸಿಯನ್ನು ತಡೆಯುವುದಿಲ್ಲ. 100 ಡಿಗ್ರಿ ಆಸುಪಾಸಿನಲ್ಲೇ ಕರಗಿ ನೀರಾಗುತ್ತದೆ. ಎಪಿ3 ಎಂದು ಅಂಗಡಿಯಲ್ಲಿ ಕೇಳುವ ಲಿಥಿಯಂ ಗ್ರೀಸ್ ಸುಮಾರು 180 ಡಿಗ್ರಿಯವರೆಗೆ ಕರಗದು. ಕಾಂಪ್ಲೆಕ್ಸ್ ಆದರೆ 250 ದಾಟುತ್ತದೆ. ನಾನು ಬಳಸುವುದು ಎನ್‌ಎಲ್‌ಜಿಐ 2 ದರ್ಜೆಯದು, ಗ್ರೀಸ್ ಎಷ್ಟು ಗಟ್ಟಿ ಎಂದು ಹೇಳುವ ಅಳತೆ ಅದು. ಡಬ್ಬದ ಮೇಲೆ ಈ ದರ್ಜೆ ಮತ್ತು 'ಲಿಥಿಯಂ ಕಾಂಪ್ಲೆಕ್ಸ್' ಎರಡೂ ಇದೆಯಾ ನೋಡಿ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಬರೀ ಬಣ್ಣ.

ಸೀಲ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದು ಮಳೆಗಾಲ ಮುಗಿದ ಮೇಲೆ ಎರಡೂ ಚಕ್ರ ಬಿಚ್ಚಿದೆವು. ಎರಡಕ್ಕೂ ಒಂದೇ ಡಬ್ಬದ ಗ್ರೀಸ್, ಹೊಸ ಸೀಲ್. ಬಲಗಡೆ ಹಾಕಿದ ಬಣ್ಣವೇ ಇತ್ತು. ಎಡಗಡೆ ಗ್ರೀಸ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು, ರೋಲರ್‌ಗಳ ಮೇಲೆ ಕಂದು ಚುಕ್ಕೆ ಎದ್ದಿತ್ತು. ಆಕ್ಸಲ್ ಒರೆಸಿ ನೋಡಿದರೆ, ಸೀಲಿನ ತುಟಿ ಕೂರುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೆರೆ! ಅಂಥ ಕಡೆ ಎಷ್ಟು ಹೊಸ ಸೀಲ್ ಹಾಕಿದರೂ ನೀರು ನುಗ್ಗುತ್ತದೆ. ಲೇತ್ ಕೆಲಸದವರಿಂದ ಅಲ್ಲಿಗೆ ತೆಳು ಸ್ಟೀಲ್ ಬುಷ್ ಕೂರಿಸಿ, ಎರಡು ತುಟಿಯ ಸೀಲ್ ಹಾಕಿಸಿದೆವು. ಬೇರಿಂಗಿನ ಕಪ್ (ಹೊರಬಳೆ), ಕೋನ್ (ರೋಲರ್ ಇರುವ ಒಳಭಾಗ) ಎರಡನ್ನೂ ಜೊತೆಯಲ್ಲೇ ಬದಲಿಸಿದೆವು, ಒಂದನ್ನೇ ಬದಲಿಸುವುದು ಸುಮ್ನೆ ದಂಡ. ಆಮೇಲಿನ ಮಳೆಗಾಲಗಳಲ್ಲಿ ಆ ಕಡೆಯೂ ಗ್ರೀಸ್ ಬೆಳ್ಳಗಾಗಿಲ್ಲ.

ಗ್ರೀಸ್ ಹಾಕುವ ರೀತಿಯೂ ಮುಖ್ಯ. ಹಳೆಯದನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಪೂರ್ತಿ ತೊಳೆದು ಒಣಗಿಸಬೇಕು. ಬೇರೆ ಜಾತಿಯ ಗ್ರೀಸ್ ಜೊತೆ ಬೆರೆತರೆ ಎರಡೂ ತೆಳ್ಳಗಾಗಿ ಹರಿದುಹೋಗಬಹುದು. ಅಂಗೈಯಲ್ಲಿ ಗ್ರೀಸ್ ಇಟ್ಟು ಬೇರಿಂಗಿನ ಅಗಲದ ಬದಿಯನ್ನು ಒತ್ತುತ್ತಾ ಹೋಗಿ, ಇನ್ನೊಂದು ಬದಿಯ ರೋಲರ್ ಸಂದಿಯಿಂದ ಹೊರಬರುವವರೆಗೆ. ಹಬ್‌ನ ಖಾಲಿ ಜಾಗ ಪೂರ್ತಿ ತುಂಬಬೇಡಿ. ಗ್ರೀಸ್ ಗನ್‌ನಿಂದ ಜಾಸ್ತಿ ಒತ್ತಿದರೆ ಸೀಲ್ ಹೊರಕ್ಕೆ ಜರುಗುತ್ತದೆ, ಗ್ರೀಸ್ ಬ್ರೇಕ್ ಲೈನರ್‌ಗೆ ಹೋಗುತ್ತದೆ. ಕೊನೆಗೆ ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಮತ್ತೆ ಸ್ವಲ್ಪ ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ತೀರಾ ಬಿಗಿಯಾದರೆ ಎಂಥ ಗ್ರೀಸೂ ಬೇರಿಂಗ್ ಉಳಿಸದು.

ಒಂದು ಅಂಕ ಕಡಿಮೆ ಕೊಟ್ಟಿದ್ದು ಬೆಲೆಗೆ. ಸಣ್ಣ ಪೇಟೆಯ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದೂ ಇದೆ. ಟಾರು ರಸ್ತೆಯಲ್ಲೇ ಓಡಾಡುವ, ನೀರಿಗೆ ಇಳಿಯದ ಟ್ರೇಲರ್ ನಿಮ್ಮದಾದರೆ ಇಷ್ಟು ಖರ್ಚು ಬೇಡ. ಎಪಿ3 ಹಾಕಿ, ಉಳಿದ ದುಡ್ಡಿನಲ್ಲಿ ಒಳ್ಳೆ ಸೀಲ್ ತಗೊಳ್ಳಿ.