ತಾಮ್ರದ ಮಗ್ಗಿಗೆ ನಿಂಬೆರಸ ಹಾಕುವ ಮುಂಚೆ ಒಳಗೆ ನೋಡಿ

ಹೋದ ವರ್ಷ ಬಲಿಪಾಡ್ಯಮಿಯ ರಾತ್ರಿ ಪುಣೆಯ ನಮ್ಮ ಮನೆಯಲ್ಲಿ ಊಟಕ್ಕೆ 11 ಜನ ಇದ್ದೆವು. ಅದರಲ್ಲಿ 6 ಜನ ಮಧ್ಯರಾತ್ರಿಯೊಳಗೆ ವಾಂತಿ ಮಾಡಿಕೊಂಡರು. ಅಣ್ಣನ ಮಗಳಿಗೆ ಇನ್ನೂ ಎಂಟು ವರ್ಷ, ಅವಳೂ ಸೇರಿ. ಅಡುಗೆ ಕೆಟ್ಟಿರಲಿಲ್ಲ. ಕೆಟ್ಟದ್ದು ಹಬ್ಬಕ್ಕೆಂದು ನಾನೇ ಆಸೆಪಟ್ಟು ತರಿಸಿದ ತಾಮ್ರದ ಜಗ್ಗಿನಿಂದ ಬಂತು. ಈ ಸಲ ದೀಪಾವಳಿ ಊಟಕ್ಕೆ ಅಂಥ ಸೆಟ್ ಕೊಳ್ಳಬೇಕು ಅಂತಿರುವವರು ದಯವಿಟ್ಟು ಪೂರ್ತಿ ಓದಿ.

ಸೆಟ್‌ನಲ್ಲಿ ಒಂದು ಜಗ್ಗು, ಆರು ಮಗ್ಗು, ಒಂದು ಸ್ಟೀಲ್ ಶೇಕರ್, ಅಳತೆಯ ಪುಟ್ಟ ಲೋಟ ಇದ್ದವು. ಸುತ್ತಿಗೆಯ ಗುರುತಿದ್ದ ಮಗ್ಗುಗಳು ದೀಪದ ಬೆಳಕಿಗೆ ಎಷ್ಟು ಚೆನ್ನಾಗಿ ಕಾಣುತ್ತಿದ್ದವು ಅಂದರೆ, ಸುಮ್ನೆ ನೋಡುತ್ತಾ ಕೂರಬಹುದಿತ್ತು. ನನ್ನ ಯಜಮಾನರ ಆಫೀಸಿನವರು ಬರುತ್ತಿದ್ದರು. ಅವರಿಗೆ ಮಾಸ್ಕೋ ಮ್ಯೂಲ್ ಮಾಡೋಣ ಅಂದುಕೊಂಡೆವು. ಹೆಸರಲ್ಲಿ ಮಾಸ್ಕೋ ಇದ್ದರೂ ಇದು 1940ರ ದಶಕದಲ್ಲಿ ಅಮೆರಿಕಾದಲ್ಲಿ ಹುಟ್ಟಿದ ಪಾನೀಯ. ವೋಡ್ಕಾ, ಜಿಂಜರ್ ಬಿಯರ್ (ಹೆಸರಿಗೆ ಬಿಯರ್, ನಿಜಕ್ಕೆ ಶುಂಠಿಯ ಸಿಹಿ ಸೋಡಾ), ನಿಂಬೆರಸ, ಅಷ್ಟೇ. ತಾಮ್ರದ ಮಗ್ಗಿನಲ್ಲೇ ಕೊಡುವುದು ಅದರ ರೂಢಿ. ಮಕ್ಕಳಿಗೂ ಕುಡಿಯದವರಿಗೂ ವೋಡ್ಕಾ ಬಿಟ್ಟು ಅದನ್ನೇ ಕೊಡುವುದು ಅಂತ ಮಾತಾಯಿತು.

ಸಂಜೆ ರಂಗೋಲಿ, ಪಣತಿ, ಆರತಿ ಅಂತ ಕೈ ಬಿಡುವಿರುವುದಿಲ್ಲ. ಹಾಗಾಗಿ ಮಧ್ಯಾಹ್ನ ಮೂರಕ್ಕೇ ಹದಿನೈದು ನಿಂಬೆಹಣ್ಣು ಹಿಂಡಿ, ಶುಂಠಿ ರಸ, ಸಕ್ಕರೆ ಪಾಕ ಬೆರೆಸಿ ತಾಮ್ರದ ಜಗ್ಗಿನಲ್ಲೇ ಫ್ರಿಜ್‌ನಲ್ಲಿ ಇಟ್ಟೆ. ಬಡಿಸಿದ್ದು ರಾತ್ರಿ ಎಂಟರ ಮೇಲೆ. ಐದು ತಾಸು ಅದು ಒಳಗೇ ಇತ್ತು.

ಏಳು ಜನ ಆ ಜಗ್ಗಿನಿಂದ ಕುಡಿದರು. ಅತ್ತಿಗೆ ಎರಡು ಗುಟುಕು ಕುಡಿದು, "ಬಾಯಾಗ ನಾಣ್ಯ ಇಟ್ಟಂಗ ಆಗ್ತದ" ಅಂತ ಕೆಳಗಿಟ್ಟರು. ಶುಂಠಿಯ ಖಾರ ಇರಬೇಕು ಅಂದೆ ನಾನು. ಆ ಮಾತನ್ನು ಅಲ್ಲೇ ಹಿಡಿದಿದ್ದರೆ ಮಗು ಅಷ್ಟು ನರಳುತ್ತಿರಲಿಲ್ಲ. ಅತ್ತಿಗೆಗೆ ಏನೂ ಆಗಲಿಲ್ಲ. ಉಳಿದ ಆರೂ ಜನರಿಗೆ ಹೊಟ್ಟೆ ತೊಳಸಿ, ನೋವು, ವಾಂತಿ. ಬಾಟಲಿಯ ಬಿಯರ್ ಕುಡಿದ ಇಬ್ಬರು, ಬರೀ ನೀರು ಕುಡಿದ ಅತ್ತೆ, ಏನೂ ಕುಡಿಯಲು ಪುರುಸೊತ್ತಾಗದ ನಾನು ಚೆನ್ನಾಗಿಯೇ ಇದ್ದೆವು. ಊಟ ಎಲ್ಲರದೂ ಒಂದೇ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಏನು ತಿಂದಿರಿ ಅಂತ. ಎರಡನೆಯದು, ಕುಡಿದದ್ದು ಯಾವ ಪಾತ್ರೆಯಲ್ಲಿ ಅಂತ. ತಾಮ್ರ ಅಂದ ತಕ್ಷಣ ಅವರಿಗೆ ಗೊತ್ತಾಯಿತು. ಬೆಳಗಿನ ಹೊತ್ತಿಗೆ ಎಲ್ಲರೂ ಸುಧಾರಿಸಿದರು. ಧಾರವಾಡಕ್ಕೆ ಫೋನ್ ಮಾಡಿದೆ. ಅವ್ವ ಒಂದೇ ಮಾತು ಕೇಳಿದಳು: "ತಾಮ್ರದಾಗ ಹುಳಿ ಹಾಕ್ತಾರೇನವಾ? ಕಲಾಯಿ ಇತ್ತೇನು?"

ಇರಲಿಲ್ಲ. ಕಲಾಯಿ ಅಂದರೆ ಪಾತ್ರೆಯ ಒಳಗೆ ಬಳಿಯುವ ತವರದ ಲೇಪ. ಮಗ್ಗಿನ ಒಳಗೂ ಹೊರಗೂ ಒಂದೇ ಕೆಂಪು ಬಣ್ಣ. ಕಲಾಯಿ ಇದ್ದಿದ್ದರೆ ಒಳಗೆ ಬೆಳ್ಳಗೆ ಕಾಣಬೇಕಿತ್ತು.

ನಾವು ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ, ಅಲ್ವಾ? ಕಪ್ಪಾದದ್ದು ಕ್ಷಣದಲ್ಲಿ ಹೊಳೆಯುತ್ತದೆ. ಹುಳಿ ಮೇಲಿನ ಕಪ್ಪು ಪದರವನ್ನು ಕರಗಿಸಿ ತೊಳೆದುಬಿಡುತ್ತದೆ, ಅದಕ್ಕೇ ಆ ಹೊಳಪು. ಜಗ್ಗಿನೊಳಗೆ ನಿಂಬೆರಸ ಮಾಡಿದ್ದೂ ಇದೇ ಕೆಲಸ. ಆದರೆ ಕರಗಿದ ತಾಮ್ರ ಬಚ್ಚಲಿಗೆ ಹೋಗಲಿಲ್ಲ, ನಮ್ಮ ಹೊಟ್ಟೆಗೆ ಹೋಯಿತು. ಅಮೆರಿಕಾದ ಆಹಾರ ಇಲಾಖೆಯ ಮಾದರಿ ನಿಯಮದ ಪ್ರಕಾರ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಕಡಿಮೆ ಇರುವ ಆಹಾರಕ್ಕೆ ತಾಮ್ರ, ಹಿತ್ತಾಳೆ ತಾಕಬಾರದು. ನಿಂಬೆರಸದ ಪಿಎಚ್ 2ರ ಆಸುಪಾಸು. 2017ರಲ್ಲಿ ಅಲ್ಲಿನ ಅಯೋವಾ ರಾಜ್ಯ ಇದೇ ಮಾಸ್ಕೋ ಮ್ಯೂಲ್ ಮಗ್ಗುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ನಮ್ಮ ದೇಶದ 2011ರ ಆಹಾರ ಸುರಕ್ಷತೆ ನಿಯಮಗಳೂ ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಾಡಿದ, ಇಟ್ಟ ಆಹಾರ ತಿನ್ನಲು ಯೋಗ್ಯವಲ್ಲ ಅಂದವು. ಇಷ್ಟೆಲ್ಲ ಓದಿದ್ದು ಆಮೇಲೆ.

ಮಾರಿದವರಿಗೆ ಬರೆದೆ. "ಇದು ಶುದ್ಧ ತಾಮ್ರ ಮೇಡಂ, ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೆಯದು" ಅಂತ ಉತ್ತರ ಬಂತು. ನೀರಿಗೂ ನಿಂಬೆರಸಕ್ಕೂ ವ್ಯತ್ಯಾಸ ಅವರಿಗೆ ಬೇಕಾಗಿರಲಿಲ್ಲ. ಡಬ್ಬಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿ "ಅಲಂಕಾರಕ್ಕೆ" ಅಂತಿತ್ತು. ಫೋಟೋದಲ್ಲಿ ಮಾತ್ರ ಮಗ್ಗಿನ ತುಂಬ ಐಸು, ಅಂಚಿಗೆ ನಿಂಬೆ ಹೋಳು! ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ದುಡ್ಡು ವಾಪಸ್ ಬಂತು.

ಕೊಳ್ಳಲೇಬೇಕು ಅಂದರೆ ಹೊರಗೆ ತಾಮ್ರ, ಒಳಗೆ ಸ್ಟೀಲ್ ಇರುವುದನ್ನು ಕೊಳ್ಳಿ. ತುಟಿ ತಾಗುವ ಅಂಚನ್ನೂ ನೋಡಿ. ಕೆಲವದರಲ್ಲಿ ಒಳಗೆ ಬಿಳಿ ಇದ್ದರೂ ಅಂಚು ಬರೀ ತಾಮ್ರವೇ. ಹೊಳಪಿಗೆ ಬಳಿದ ವಾರ್ನಿಶ್ಶನ್ನು ಕಲಾಯಿ ಅಂತ ನಂಬಬೇಡಿ, ಅದು ಉಜ್ಜಿದರೆ ಹೋಗುತ್ತದೆ. ಕಲಾಯಿ ಮಾಡಿಸುವುದಾದರೆ ಶುದ್ಧ ತವರದ್ದೇ ಆಗಲಿ, ಸೀಸ ಬೆರೆಸಿದ್ದು ಇನ್ನೊಂದು ವಿಷ. ಕೋಕಂ ಶರಬತ್ತು, ಮಜ್ಜಿಗೆ, ವೈನ್, ಹಣ್ಣಿನ ರಸ ಎಲ್ಲವೂ ಹುಳಿಯೇ. ಅವನ್ನು ಬೆರೆಸಿಡಲು ಗಾಜು ಅಥವಾ ಸ್ಟೀಲ್ ಸಾಕು. ಮನೆಯಲ್ಲಿ ವಿಲ್ಸನ್ ಕಾಯಿಲೆ ಇದ್ದವರಿದ್ದರೆ ಇನ್ನೂ ಜಾಸ್ತಿ ಜೋಪಾನ, ಅವರ ಮೈಯಿಂದ ತಾಮ್ರ ಸರಿಯಾಗಿ ಹೊರಗೆ ಹೋಗುವುದಿಲ್ಲ. ಯಾರಿಗಾದರೂ ಹೀಗಾದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಯಾವ ಪಾತ್ರೆ ಅಂತ ನೀವೇ ಮೊದಲು ಹೇಳಿ.

ಮಗ್ಗುಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಪುಣೆಯ ಕಸಬಾ ಪೇಟೆಯಲ್ಲಿರುವ ತಾಮ್ರದ ಕುಶಲಕರ್ಮಿಗಳ ಓಣಿ, ತಾಂಬಟ್ ಆಳಿ ಅಂತ, ಅಲ್ಲಿಗೆ ಒಯ್ದೆ. ಅಲ್ಲಿ ಈಗಲೂ ತಾಮ್ರ ಬಡಿಯುವ ಸದ್ದು ಕೇಳುತ್ತದೆ. ಅಲ್ಲಿನ ಹಿರಿಯ ಕುಶಲಕರ್ಮಿಯೊಬ್ಬರು ಒಂದನ್ನು ಎತ್ತಿ ಒಳಗೆ ಇಣುಕಿ ನೋಡಿ, ಕಲಾಯಿ ಇಲ್ಲದೆ ಇದನ್ನು ಕುಡಿಯಲು ಮಾರಿದವರು ಯಾರು ಅಂತ ಮರಾಠಿಯಲ್ಲಿ ಕೇಳಿದರು. ಎರಡಕ್ಕೆ ಕಲಾಯಿ ಮಾಡಿಸಿದೆ. ಉಳಿದ ನಾಲ್ಕರಲ್ಲಿ ಪೆನ್ನು, ಕತ್ತರಿ, ಊದುಬತ್ತಿ ಇವೆ. ಜಗ್ಗು ಮಾತ್ರ ಅಟ್ಟದ ಮೇಲಿದೆ. ಅದರ ಮೇಲೆ "ಹುಳಿ ಹಾಕಬೇಡಿ" ಅಂತ ಅಣ್ಣನ ಮಗಳು ತನ್ನ ಕೈಯಾರೆ ಬರೆದ ಚೀಟಿ ಅಂಟಿಸಿದ್ದಾಳೆ.