ಬಟ್ಟೆಯ ಚೌಕಾಬಾರ ಸೆಟ್: ನಾಲ್ಕು ಸ್ಟಾರ್

ಈ ಸೆಟ್ ತರಿಸಿದ್ದು 2020ರ ಮೇ ತಿಂಗಳಲ್ಲಿ, 450 ರೂಪಾಯಿಗೆ. ಪಾರ್ಸೆಲ್ಲನ್ನು ಎರಡು ದಿನ ಬಾಲ್ಕನಿ ಬಿಸಿಲಲ್ಲಿ ಇಟ್ಟಿದ್ದೆವು. ಕೊರೊನಾ ಕಾಲ, ಆಗೆಲ್ಲ ಹಾಗೇ ಅಲ್ವಾ? ಮಗ ಕಿಟಕಿ ಗಾಜಿಗೆ ಮೂಗು ಒತ್ತಿಕೊಂಡು ಅದನ್ನೇ ಕಾಯುತ್ತಿದ್ದ.

ದಪ್ಪ ಹತ್ತಿ ಬಟ್ಟೆ, ಐದೈದ್ಲ ಇಪ್ಪತ್ತೈದು ಮನೆ. ಗೆರೆ ಇವತ್ತಿಗೂ ಮಾಸಿಲ್ಲ. ಮರದ ಕಾಯಿ 16, ಕವಡೆ 4. ಕೆಂಪು ಕಾಯಿಯ ಬಣ್ಣ ಬೆವರಿದ ಕೈಗೆ ಅಂಟುತ್ತಿತ್ತು, ಅದಕ್ಕೇ ಒಂದು ಸ್ಟಾರ್ ಕಡಿಮೆ. ನಿಯಮದ ಚೀಟಿಯೂ ಅರೆಬರೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಅನ್ನೋದೇ ಅದರಲ್ಲಿ ಇರಲಿಲ್ಲ. ಜಗಳ ಬಂದಾಗ ಅರಸೀಕೆರೆಯಿಂದ ಅಮ್ಮ ಫೋನಲ್ಲೇ ತೀರ್ಪು ಕೊಡುತ್ತಿದ್ದಳು.

ಆಗ ನಮ್ಮನೆಯಲ್ಲಿ ಗಂಡನಿಗೆ ಅರ್ಧ ಸಂಬಳ, ನನಗೆ ಊಟದ ಮೇಜೇ ಆಫೀಸು. ಮಗ ಮೂರನೇ ಕ್ಲಾಸು. ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಅಂತ ಜೂನ್‌ನಲ್ಲಿ ಸರ್ಕಾರ ಹೇಳಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಇದರ ಮಧ್ಯೆ ಮಗ್ಗಿ ಒಪ್ಪಿಸಿಕೊಳ್ಳೋ ಮೇಷ್ಟ್ರು ನಾನೇ. "ಸುಮ್ನಿರೋ, ಮೀಟಿಂಗ್ ಇದೆ" ಅಂತ ದಿನಕ್ಕೆ ಎಷ್ಟು ಸಲ ಅಂದೆನೋ! ಒಂದು ದಿನ ಮ್ಯೂಟ್ ಮಾಡಲು ಮರೆತು ಕಿರುಚಿದೆ. ಮೀಟಿಂಗ್ ಪೂರ್ತಿ ತಣ್ಣಗಾಯಿತು.

ಸಂಜೆ ಏಳಕ್ಕೆ ಬಟ್ಟೆ ಹಾಸುತ್ತಿದ್ದೆವು. ಅವನು ಕವಡೆಗಳನ್ನು ಎರಡು ಅಂಗೈ ನಡುವೆ ಮುಚ್ಚಿ, ಕಿವಿ ಹತ್ತಿರ ಕುಲುಕಿ, ಒಮ್ಮೆ ಊದಿ ಬಿಡುತ್ತಿದ್ದ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. "ಬಾರಾ!" ಅಂತ ಕೂಗಿದರೆ ಕೆಳಗಿನ ಮನೆಯವರಿಗೂ ಕೇಳಬೇಕು. ಯಾರೂ ಕಡಿಯಲಾಗದ ಕಟ್ಟೆಗೆ ಇನ್ನೊಂದೇ ಮನೆ ಇದ್ದ ನನ್ನ ಕಾಯಿಯನ್ನು ಕಡಿದು, ಎತ್ತಿ ನನ್ನ ಮಡಿಲಿಗೆ ಹಾಕಿ, "ಮತ್ತೆ ಮೊದಲಿಂದ ಬಾ" ಅಂದ. ಬೆಳಗ್ಗೆ ಏಳರ ಮಗ್ಗಿ ತಪ್ಪಿದಾಗ ನಾನು ಅವನಿಗೆ ಅಂದಿದ್ದೂ ಅದನ್ನೇ! ಇಡೀ ದಿನದಲ್ಲಿ ನನಗೂ ಅವನಿಗೂ ಒಂದೇ ನಿಯಮ ಇದ್ದದ್ದು ಆ ಬಟ್ಟೆ ಮೇಲೆ ಮಾತ್ರ.

ಸೋಲುವ ಹೊತ್ತಿಗೆ ಅವನು ಬಟ್ಟೆ ಎಳೆದು ಓಡಿದ್ದೂ ಉಂಟು. ಸಂಬಳದ ಚಿಂತೆಯೇನೂ ಇದರಿಂದ ಹೋಗಲಿಲ್ಲ. ಆದರೂ ಆ ಒಂದು ಗಂಟೆ ನಾನು ಫೋನ್ ಮುಟ್ಟುತ್ತಿರಲಿಲ್ಲ.

ಒಂದು ಕವಡೆ ಕುರ್ಚಿ ಕಾಲಿಗೆ ಸಿಕ್ಕಿ ಒಡೆಯಿತು. ಬೇರೆ ಕಳಿಸಿ ಅಂದರೆ ಮಾರಿದವರಿಂದ ಉತ್ತರವಿಲ್ಲ. ಹುಣಸೆ ಬೀಜವನ್ನು ಒಂದು ಕಡೆ ಬಿಳಿಯಾಗುವಷ್ಟು ಕಲ್ಲಿಗೆ ತೇಯಿ ಅಂದಳು ಅಮ್ಮ. ಈಗ ನಾಲ್ಕು ಬೀಜದಲ್ಲೇ ಆಡುತ್ತೇವೆ. ಅದರಲ್ಲಿ ಬಾರ ಜಾಸ್ತಿ ಬೀಳುತ್ತೆ ಅಂತ ಮಗನ ವಾದ.