ಮಾಸಿದ ಎನ್‌ಫೀಲ್ಡೋ, ಹೊಳೆಯುವ ಎನ್‌ಫೀಲ್ಡೋ?

ಧಾರವಾಡದ ಗೆಳೆಯ ಈಗ ಟೆಕ್ಸಸ್‌ನಲ್ಲಿದ್ದಾನೆ. ಎರಡು ರೈಫಲ್‌ಗಳ ಫೋಟೋ ಕಳಿಸಿ ಯಾವುದು ತಗೊಳ್ಳಲಿ ಅಂದ. ಎರಡೂ ಬಂಗಾಳದ ಇಶಾಪುರ ಕಾರ್ಖಾನೆಯ .303 ಲೀ-ಎನ್‌ಫೀಲ್ಡ್, ಬ್ರಿಟಿಷ್ ಕಾಲದ ಸೇನಾ ರೈಫಲ್. (ಇಲ್ಲಿ ಹುಬ್ಬಳ್ಳಿಯಲ್ಲಿ ಅದನ್ನು ಕೊಳ್ಳೋದು ಅಷ್ಟು ಸುಲಭವಲ್ಲ ಬಿಡಿ.)

ಒಂದು ಮಾಸಿದೆ, ಮರಕ್ಕೆ ಗೀರು ಬಿದ್ದಿದೆ. ಆದರೆ ಬೋಲ್ಟ್ (ಹಿಂದೆ ಮುಂದೆ ಎಳೆದು ಗುಂಡು ಕೂರಿಸುವ ಭಾಗ) ಹಿಡಿಕೆಯ ಬುಡದಲ್ಲಿ, ಹಿಂಬದಿಗೆ ಹೊಡೆದ ನಂಬರ್ ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಚೌಕಟ್ಟು) ನಂಬರಿಗೆ ಸರಿಯಾಗಿ ಕೂಡುತ್ತದೆ. ಬ್ಯಾರೆಲ್ ಮೇಲೂ ಅದೇ, ಅಂದರೆ ಈ ಭಾಗಗಳು ಬದಲಾದಂತಿಲ್ಲ. ಬಲಬದಿಯಲ್ಲಿ ಕಿರೀಟ, ಕೆಳಗೆ ವರ್ಷ, ಇನ್ನೂ ಅಳಿಸಿಲ್ಲ.

ಇನ್ನೊಂದು ಫಳಫಳ ಅನ್ನುತ್ತದೆ. ಬೋಲ್ಟ್ ಮೇಲಿನ ಹಳೇ ನಂಬರಿಗೆ ಗೆರೆ ಎಳೆದು ಪಕ್ಕದಲ್ಲಿ ಹೊಸದು ಹೊಡೆದಿದ್ದಾರೆ. ಇದು ಮೋಸ ಅಂತಲ್ಲ. ಸೇನೆಯ ರಿಪೇರಿಯಲ್ಲೂ ಬಿಡಿಭಾಗ ಬದಲಾಗುತ್ತಿತ್ತು. ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ) ಮುಂದಿನ ಮರದಲ್ಲಿ ಅಡ್ಡ ಸ್ಕ್ರೂ ಇದೆ, ಇಶಾಪುರದವರು ಆಮೇಲೆ ಬಲಕ್ಕೆಂದು ಹಾಕಿದ್ದು. ಆದರೆ ಹೊಸ ಬಣ್ಣದಡಿ ಗುರುತುಗಳ ಅಂಚು ಮೊಂಡಾಗಿದ್ದರೆ ಯಾರೋ ಜಾಸ್ತಿ ಉಜ್ಜಿದ್ದಾರೆ ಅಂತಲೇ ಲೆಕ್ಕ.

ಸಂಗ್ರಹಕ್ಕಾದರೆ ಮಾಸಿದ್ದೇ ಸೈ, ಸುಮ್ನೆ ಪಾಲಿಶ್ ಮಾಡಿಸೋದು ಬೇಡ. ಗುರಿ ಅಭ್ಯಾಸಕ್ಕಾದರೆ ಹೊಳೆಯುವುದೂ ನಡೆಯುತ್ತದೆ, ಆದರೆ ಬೋಲ್ಟ್ ಬದಲಾಗಿರುವುದರಿಂದ ಬಂದೂಕಿನ ಮೆಕ್ಯಾನಿಕ್ ಹತ್ತಿರ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಗುಂಡು ಕೂರುವ ಜಾಗಕ್ಕೂ ಇರುವ ಅಂತರ) ಅಳೆಸದೆ ಒಂದು ಗುಂಡೂ ಹಾರಿಸಬಾರದು.